ವಾಕ್ಯರೂಪದ ಲೆಕ್ಕಕ್ಕೆ ಮೂರು ಕಂಬಸಾಲು: ನನ್ನ ಅನುಭವ

ವರ್ಗಸಮೀಕರಣ ಕೊಟ್ಟರೆ ಎಸ್ಸೆಸ್ಸೆಲ್ಸಿ ಮಕ್ಕಳು ಸರಸರ ಬಿಡಿಸುತ್ತಾರೆ; ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ಪೆನ್ನು ನಿಲ್ಲುತ್ತದೆ. ಅದಕ್ಕೆ ಮೂರು ಕಂಬಸಾಲಿನ ಕೋಷ್ಟಕ ಹಾಕಿಸುತ್ತೇನೆ ಅಂದಾಗ ‘ಪರೀಕ್ಷೆಯಲ್ಲಿ ಟೈಮ್ ಎಲ್ಲಿ ಸಾರ್?’ ಅಂದ ಮೇಷ್ಟ್ರುಗಳ ಬೋರ್ಡಿನ ಮೇಲೂ ಈಗ ಅದೇ ಕೋಷ್ಟಕ.

ಮೊದಲು ಕೈಕೊಟ್ಟದ್ದು ಕೀವರ್ಡ್ ಚಾರ್ಟು. ‘ಹೆಚ್ಚು’ ಬಂದರೆ ಕೂಡು, ‘ಕಡಿಮೆ’ ಬಂದರೆ ಕಳೆ. ಲ್ಯಾಮಿನೇಷನ್ ಸೇರಿ ಎಂಟುನೂರರ ಹತ್ತಿರ ಹೋಯಿತು. ‘ರವಿಯ ಹತ್ತಿರ 12 ಗೋಲಿ ಇವೆ, ಇದು ಗೌರಿಯ ಗೋಲಿಗಳಿಗಿಂತ 5 ಹೆಚ್ಚು. ಗೌರಿಯ ಹತ್ತಿರ ಎಷ್ಟು?’ ಅರ್ಧ ಕ್ಲಾಸು 17 ಅಂತ ಬರೆಯಿತು. ಉತ್ತರ 7. ಈಗಿನ ನಿಯಮ: ‘ಗಿಂತ’ ಯಾರಿಗೆ ಅಂಟಿದೆಯೋ ಅವರನ್ನು ಮೊದಲು ಬರೆ, 5 ಅನ್ನು ಅವರಿಗೇ ಕೂಡು. ಗೌ + 5 = 12.

ಬಸ್ಸಿನ ಲೆಕ್ಕ ನೋಡಿ. ದೂರ 240 ಕಿ.ಮೀ.; ಜವ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ 2 ಗಂಟೆ ಮೊದಲೇ ತಲುಪುತ್ತಿತ್ತು. ಜವ ಎಷ್ಟು? ದೂರ, ಜವ, ಕಾಲ ಎಂದು ಮೂರು ಕಂಬಸಾಲು. ‘ಇದ್ದದ್ದು’, ‘ಇದ್ದಿದ್ದರೆ’ ಎಂದು ಎರಡು ಅಡ್ಡಸಾಲು. ರಫ್ ಹಾಳೆಯಲ್ಲಿ ಸ್ಕೇಲೂ ಬೇಡ. ಅಭ್ಯಾಸದಲ್ಲಿ ಎಕ್ಸ್ ಬದಲು ‘ಜ’ ಬರೆಸುತ್ತೇನೆ. ಎಕ್ಸ್ ಅಂದರೆ ಜವವೋ ಕಾಲವೋ ಎಂಬುದು ನಾಲ್ಕನೇ ಸಾಲಿಗೆ ಮರೆತುಹೋಗಿರುತ್ತದೆ.

ಎಡವುವುದು ಕಾಲದ ಕಂಬಸಾಲಿನಲ್ಲಿ (ಕಾಲ = ದೂರ ÷ ಜವ). 240/(ಜ+10) − 240/ಜ = 2 ಎಂದು ತಿರುಗಿಸಿ ಬರೆದರೆ ಜ² + 10ಜ + 1200 = 0 ಬರುತ್ತದೆ, ಶೋಧಕ (b² − 4ac) −4700, ಅಂದರೆ ವಾಸ್ತವ ಉತ್ತರವೇ ಇಲ್ಲ. ಅಲ್ಲಿಗೆ ಮಗು ಲೆಕ್ಕವೇ ತಪ್ಪು ಅಂತ ಬಿಟ್ಟುಬಿಡುತ್ತದೆ. ಅದಕ್ಕೆ ಸಮೀಕರಣಕ್ಕೂ ಮೊದಲು ನಿಧಾನ ಹೋದ ಸಾಲಿನ ಕಾಲದ ಮುಂದೆ ‘ದೊಡ್ಡದು’ ಎಂದು ಬರೆಸಬೇಕು, ಕಳೆಯುವುದು ಅದರಿಂದ. ಆಗ 240/ಜ − 240/(ಜ+10) = 2, ಅಂದರೆ ಜ² + 10ಜ − 1200 = 0, (ಜ+40)(ಜ−30) = 0. −40 ಅನ್ನು ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆಯಲೇಬೇಕು. ತಾಳೆ: 240÷30 = 8, 240÷40 = 6. ‘30 ನಿಮಿಷ’ ಕೊಟ್ಟಿದ್ದರೆ ಕೋಷ್ಟಕದೊಳಗೆ ಹೋಗುವಾಗಲೇ ½ ಗಂಟೆ ಆಗಿರಲಿ.

ಎಂಟನೇ ಕ್ಲಾಸಿಗೆ ಭಾಸ್ಕರಾಚಾರ್ಯರ ದುಂಬಿ ಲೆಕ್ಕ ಕೊಟ್ಟು ನೋಡಿದೆ: ದುಂಬಿಗಳ ಗುಂಪಿನ ಐದನೇ ಒಂದು ಭಾಗ ಒಂದು ಹೂವಿಗೆ, ಮೂರನೇ ಒಂದು ಇನ್ನೊಂದಕ್ಕೆ, ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ, ಉಳಿದದ್ದು ಒಂದು ದುಂಬಿ; ಒಟ್ಟು ಎಷ್ಟು? 15 ಚೌಕದ ಪಟ್ಟಿಯಲ್ಲಿ 3, 5, 6 ಬಣ್ಣ ಹಚ್ಚಿದರೆ ಉಳಿಯುವುದು ಒಂದೇ ಚೌಕ. ಸಮೀಕರಣ ಬೇಕಾಗಲೇ ಇಲ್ಲ. 15ನ್ನೇ ಯಾಕೆ ತೆಗೆದುಕೊಂಡೆವು ಎಂಬ ಪ್ರಶ್ನೆಗೆ ಮಾತ್ರ ಒಂದು ಪೀರಿಯಡ್ ಬೇಕಾಯಿತು.

ಸಮೀಕರಣದ ಮೂಲಗಳು (ಉತ್ತರಗಳು) ಪೂರ್ಣಾಂಕವೇ ಬರುವ ಹಾಗೆ ಹೊಸ ಬಸ್ಸಿನ ಲೆಕ್ಕ ಹೆಣೆಯುವ ಉಪಾಯವೂ ಒಂದಿದೆ. ಅದು ಸದ್ಯ ನನ್ನ ಡೈರಿಯಲ್ಲೇ ಇರಲಿ. ಯೂನಿಟ್ ಟೆಸ್ಟ್ ಇನ್ನೂ ಮುಗಿದಿಲ್ಲ.