ತವರಿನ ಗುಲಾಬಿ ಕಡ್ಡಿಗೆ ನಾನು ಬೇರು ಬರಿಸಿದ್ದು

ಚಿತ್ರದುರ್ಗದಲ್ಲಿ ನಮ್ಮ ತವರುಮನೆಯ ಹಿತ್ತಲಲ್ಲಿ ಒಂದು ನಾಟಿ ಗುಲಾಬಿ ಇದೆ. ಎಸಳು ಜಾಸ್ತಿ, ಬಣ್ಣ ತಿಳಿ. ಒಂದೇ ಹೂವಿಟ್ಟರೂ ದೇವರ ಮನೆಯೆಲ್ಲ ಘಮ ಅನ್ನುತ್ತದೆ. ದಾವಣಗೆರೆಯ ನಮ್ಮ ಮನೆಗೂ ಅದೇ ಗಿಡ ಬೇಕು ಅಂತ ಮೂರು ವರ್ಷ ಕಡ್ಡಿ ತಂದು ಊರಿದೆ. ಒಂದೂ ಹತ್ತಲಿಲ್ಲ. ನಾಲ್ಕನೇ ವರ್ಷ ಹನ್ನೆರಡು ಕಡ್ಡಿಯಲ್ಲಿ ಏಳು ಬೇರು ಬಿಟ್ಟವು.

ಮೊದಲ ಮೂರು ವರ್ಷವೂ ನಾನು ಕಡ್ಡಿ ತಂದದ್ದು ಏಪ್ರಿಲ್‌ನಲ್ಲಿ, ಮಕ್ಕಳ ರಜೆಗೆ ತವರಿಗೆ ಹೋದಾಗ. ಕುಂಡಕ್ಕೆ ಎರೆಮಣ್ಣು ತುಂಬಿ, ಕಡ್ಡಿ ಊರಿ, ಬೆಳಗ್ಗೆ ಸಂಜೆ ನೀರು ಹಾಕುತ್ತಿದ್ದೆ. ಹತ್ತು ದಿನಕ್ಕೆ ಕೆಂಪು ಚಿಗುರು ಬರುತ್ತಿತ್ತು. ಹತ್ತಿತು ಅಂತ ಖುಷಿಪಡುತ್ತಿದ್ದೆ. ಇನ್ನೊಂದು ವಾರಕ್ಕೆ ಚಿಗುರು ಬಾಡಿ ಜೋತುಬೀಳುತ್ತಿತ್ತು. ಕಿತ್ತು ನೋಡಿದರೆ ಬುಡ ಕಪ್ಪಗೆ ಕೊಳೆತಿರುತ್ತಿತ್ತು, ಬೇರಿನ ಸುಳಿವೇ ಇರುತ್ತಿರಲಿಲ್ಲ.

ಚಿಗುರು ಬಂದರೆ ಬೇರು ಬಂತು ಅಂತ ಅರ್ಥ ಅಲ್ಲ. ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಆಹಾರ ಇರುತ್ತದೆ, ಅದರಿಂದಲೇ ನಾಲ್ಕು ಎಲೆ ಬಿಡುತ್ತದೆ. ಬಿಟ್ಟ ಎಲೆ ನೀರು ಕೇಳುತ್ತದೆ. ಕುಡಿಯಲು ಬೇರಿಲ್ಲ. ಕಡ್ಡಿಗೆ ಬಾಯಿಲ್ಲ, ಆದರೆ ಬೆವರುತ್ತದೆ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ನಮ್ಮ ಬಯಲುಸೀಮೆಯ ಬೇಸಿಗೆ ಗಾಳಿಯಲ್ಲಿ ಒದ್ದೆ ಬಟ್ಟೆಯೇ ಗಳಿಗೆಯಲ್ಲಿ ಒಣಗುತ್ತದೆ, ಇನ್ನು ಎಳೆ ಎಲೆ ತಡೆಯುತ್ತದಾ? ಇತ್ತ ಕೆಳಗೆ ಎರೆಮಣ್ಣು ನೀರು ಹಿಡಿದುಕೊಂಡು ಕೂತಿರುತ್ತದೆ. ಗಾಳಿಯಾಡದೆ ಬುಡ ಕೊಳೆಯುತ್ತದೆ. ಅಂದರೆ ನಾನು ಪೂರ್ತಿ ಉಲ್ಟಾ ಮಾಡಿದ್ದೆ. ತೇವ ಬೇಕಾದದ್ದು ಮೇಲೆ, ಎಲೆಯ ಸುತ್ತ. ಗಾಳಿ ಬೇಕಾದದ್ದು ಕೆಳಗೆ, ಬುಡದ ಸುತ್ತ.

ಕೆಳಗಿನದಕ್ಕೆ ನಮ್ಮೂರಲ್ಲೇ ದಾರಿ ಸಿಕ್ಕಿತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಬರವಿಲ್ಲ. ಒಲೆಗೆ ಭತ್ತದ ಹೊಟ್ಟನ್ನೇ ಉರಿಸುವ ಒಂದು ಭಟ್ಟಿಗೆ ಹೋಗಿ ಸುಟ್ಟ ಹೊಟ್ಟು ಕೇಳಿದೆ. "ಬೂದಿ ತಗೊಂಡು ಏನ್ ಮಾಡ್ತೀರಿ ಅಕ್ಕಾರೆ?" ಅಂದರು. ನನಗೆ ಬೇಕಾದದ್ದು ಬಿಳಿ ಬೂದಿ ಅಲ್ಲ, ಅರ್ಧ ಸುಟ್ಟು ಇದ್ದಿಲಿನಂತೆ ಕಪ್ಪಗಿರುವ, ಇನ್ನೂ ಆಕಾರ ಕೆಡದ ಹೊಟ್ಟು. ಬೂದಿಯಲ್ಲಿ ಕ್ಷಾರ ಜಾಸ್ತಿ, ಎಳೆ ಬೇರಿಗೆ ಆಗಿಬರುವುದಿಲ್ಲ. ಅದಕ್ಕೇ ಮನೆಗೆ ತಂದು ಬಕೆಟ್‌ನಲ್ಲಿ ಹಾಕಿ ಮೂರು ಸಲ ತೊಳೆದೆ. ಕೊಕೊಪೀಟನ್ನೂ, ಅಂದರೆ ತೆಂಗಿನ ನಾರಿನ ಪುಡಿಯನ್ನೂ, ಉಪ್ಪಿನಂಶ ಹೋಗಲಿ ಅಂತ ನೆನೆಸಿ ಹಿಂಡಿದೆ. ಎರಡನ್ನೂ ಸಮ ಸಮ ಬೆರೆಸಿದೆ. ಮುಷ್ಟಿಯಲ್ಲಿ ಒತ್ತಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು. ಅಷ್ಟೇ ಹದ. ಗೊಬ್ಬರ ಒಂದು ಚಿಟಿಕೆಯೂ ಹಾಕಲಿಲ್ಲ. ಬೇರೇ ಇಲ್ಲದ ಕಡ್ಡಿಗೆ ಗೊಬ್ಬರ ಕೊಟ್ಟು ಏನು ಮಾಡುವುದು, ಬುಡ ಕೊಳೆಯುತ್ತದೆ ಅಷ್ಟೇ.

ಈ ಸಲ ಜುಲೈನಲ್ಲಿ ಹೋದೆ. ಮೋಡ ಕವಿದ ದಿನ, ಬೆಳಗ್ಗೆ ಬಿಸಿಲೇರುವ ಮುಂಚೆ ಕಡ್ಡಿ ಕತ್ತರಿಸಿದೆ. ಆಗ ಗಿಡದ ಮೈತುಂಬ ನೀರಿರುತ್ತದೆ. ಈಚೆಗೆ ಹೂವು ಮುಗಿಸಿದ, ಪೆನ್ಸಿಲ್ ದಪ್ಪದ ಕೊಂಬೆಗಳನ್ನೇ ಆರಿಸಿದೆ. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಸತಾಯಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಸ್ಸು ಹತ್ತಿದೆ. ಸುಮಾರು 60 ಕಿಲೋಮೀಟರ್ ದಾರಿ. ಕಿಟಕಿಯ ಗಾಳಿ ತಾಗದಂತೆ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಮನೆಗೆ ಬಂದವಳೇ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಆರೇಳು ಇಂಚಿನ ತುಂಡು ಮಾಡಿದೆ. ಪ್ರತಿ ತುಂಡಿಗೂ ನಾಲ್ಕು ಗೆಣ್ಣು. ಕೆಳಗಡೆ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲೆ ಚಿಗುರೊಡೆಯುವ ಕಣ್ಣಿನ ಅರ್ಧ ಇಂಚು ಮೇಲೆ ನೇರವಾಗಿ ಕತ್ತರಿಸಿದೆ. ಈ ಓರೆ ನೇರದ ಗುರುತು ನನಗೆ ಬಹಳ ಮುಖ್ಯ. ಬೇರು ಬರಿಸುವ ಆಕ್ಸಿನ್ ಅನ್ನುವ ಹಾರ್ಮೋನು ಗಿಡದ ತುದಿಯಲ್ಲಿ ಹುಟ್ಟಿ ಕೆಳಕ್ಕೆ ಇಳಿದು ಬುಡದಲ್ಲಿ ಸೇರುತ್ತದೆ. ಎಲೆ ತೆಗೆದ ಮೇಲೆ ತಲೆ ಯಾವುದು ಬುಡ ಯಾವುದು ಗೊತ್ತಾಗುವುದಿಲ್ಲ, ತಲೆಕೆಳಗಾಗಿ ಊರಿದರೆ ಮುಗಿಯಿತು. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದೆಲ್ಲ ತೆಗೆದೆ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿದೆ. ಬುಡಕ್ಕೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಐಬಿಎ ಪುಡಿ (ಬೇರು ಬರಿಸುವ ಹಾರ್ಮೋನು) ಅದ್ದಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿದೆ. ಜಾಸ್ತಿ ಹಚ್ಚಿದರೆ ಬುಡ ಸುಡುತ್ತದೆ. ಮೇಲಿನ ಗಾಯಕ್ಕೆ ಸಗಣಿ ಮೆತ್ತಿದೆ, ನಮ್ಮಜ್ಜಿ ಮಾಡುತ್ತಿದ್ದಂತೆ. ಅಲ್ಲಿಂದ ಒಣಗದಿದ್ದರೆ ಸಾಕು.

ತಳಕ್ಕೆ ತೂತು ಹಾಕಿದ, ಒಳಗಿನದು ಹೊರಗೆ ಕಾಣುವ ಪ್ಲಾಸ್ಟಿಕ್ ಲೋಟಗಳಿಗೆ ಮಿಶ್ರಣ ತುಂಬಿದೆ. ಮೊದಲು ಒಂದು ಕಡ್ಡಿಯಿಂದ ಗುಳಿ ಮಾಡಿ, ಆಮೇಲೆ ಎರಡು ಗೆಣ್ಣು ಒಳಗೆ ಹೋಗುವಂತೆ ಊರಿದೆ. ಸುಮ್ನೆ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಒರೆಸಿಹೋಗುತ್ತದೆ. ಲೋಟಗಳನ್ನು ಒಂದು ಬುಟ್ಟಿಯಲ್ಲಿಟ್ಟು, ಮೇಲೆ ದೊಡ್ಡ ಪ್ಲಾಸ್ಟಿಕ್ ಕವರ್ ಮುಚ್ಚಿ, ನೇರ ಬಿಸಿಲು ಬೀಳದ ಉತ್ತರದ ಕಡೆ ಇಟ್ಟೆ. ಬಿಸಿಲಿಗಿಟ್ಟರೆ ಕವರ್ ಒಳಗೆ ಕಡ್ಡಿ ಬೆಂದುಹೋಗುತ್ತದೆ. ಎರಡು ದಿನಕ್ಕೊಮ್ಮೆ ಐದು ನಿಮಿಷ ಕವರ್ ತೆಗೆದು ಗಾಳಿಯಾಡಿಸುತ್ತಿದ್ದೆ. ಒಳಗೆ ಹನಿ ಕಟ್ಟಿದ್ದರೆ ನೀರು ಹಾಕುತ್ತಿರಲಿಲ್ಲ. ಬೇಕಾದಾಗಲೂ ಹಿಡಿದಿಟ್ಟ ಮಳೆನೀರೇ. ನಮ್ಮ ಬೋರ್‌ವೆಲ್ ನೀರು ಗಡಸು, ಕುಂಡದ ಅಂಚಿಗೆಲ್ಲ ಬಿಳಿ ಕಟ್ಟುತ್ತದೆ.

ಎರಡನೇ ವಾರ ಮೂರು ಕಡ್ಡಿ ಕಪ್ಪಾದವು. ಅವತ್ತೇ ತೆಗೆದು ದೂರ ಎಸೆದೆ, ಬಿಟ್ಟರೆ ಪಕ್ಕದ್ದಕ್ಕೂ ಹರಡುತ್ತದೆ. ಆಮೇಲೆ ಇನ್ನೆರಡು ಹೋದವು. ಉಳಿದವನ್ನು ಒಂದು ಸಲವೂ ಅಲುಗಾಡಿಸಲಿಲ್ಲ. ಇದೇ ಕಷ್ಟದ ಕೆಲಸ. ಮೊದಲು ಬುಡದಲ್ಲಿ ಬಿಳಿ ಗಂಟಿನಂಥದ್ದು ಕಟ್ಟುತ್ತದೆ, ಬೇರು ಬರುವುದು ಆಮೇಲೆ. ಆ ಹೊತ್ತಿನಲ್ಲಿ ಎಳೆದು ನೋಡಿದರೆ ಕಣ್ಣಿಗೆ ಕಾಣದ ತುದಿಗಳೆಲ್ಲ ಮುರಿಯುತ್ತವೆ. ಐದನೇ ವಾರದ ಕೊನೆಗೆ ಲೋಟದ ಗೋಡೆಗೆ ಅಂಟಿಕೊಂಡು ಬಿಳಿ ಎಳೆ ಕಂಡಿತು. ಅತ್ತೆಯವರನ್ನು ಕರೆದು ತೋರಿಸಿದೆ, ಅವರೂ ಕನ್ನಡಕ ತಂದು ನೋಡಿದರು.

ಎಲ್ಲ ಗಿಡಕ್ಕೂ ಇಷ್ಟು ಆರೈಕೆ ಬೇಕಿಲ್ಲ. ದೊಡ್ಡಪತ್ರೆ ಹೇಗೆ ಊರಿದರೂ ಬರುತ್ತದೆ. ಮಲ್ಲಿಗೆಯ ಬಳ್ಳಿ ಬಗ್ಗಿಸಿ ಮಣ್ಣಲ್ಲಿ ಹೂತರೆ ತಾಯಿಗಿಡದ ಜೊತೆಗಿದ್ದೇ ಬೇರು ಬಿಡುತ್ತದೆ. ನುಗ್ಗೆಗೆ ಮೂರು ನಾಲ್ಕು ಅಡಿಯ ದಪ್ಪ ಕೊಂಬೆಯೇ ಒಳ್ಳೆಯದು. ದೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದಕ್ಕೆ ಕಡ್ಡಿಯೇ ಗತಿ. ಕರಿಬೇವಿನ ಕಡ್ಡಿ ನನಗೆ ಒಂದು ಸಲವೂ ಬರಲಿಲ್ಲ. ಬುಡದಲ್ಲಿ ಏಳುವ ಮರಿಯನ್ನು ಬೇರು ಸಮೇತ ತೆಗೆದು ನೆಡುವುದೇ ಸುಲಭ.

ಬೇರು ಕಂಡ ಕೂಡಲೇ ಗುಲಾಬಿಯನ್ನು ಹೊರಗಿಡಲಿಲ್ಲ. ಹತ್ತು ದಿನ ದಿನಕ್ಕಿಷ್ಟು ಅಂತ ಕವರ್ ಸರಿಸುತ್ತಾ ಹೋದೆ, ಆಮೇಲೆ ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡಕ್ಕೆ ಲೋಟದ ಮಣ್ಣು ಒಡೆಯದಂತೆ ಇಳಿಸಿದೆ. ದೀಪಾವಳಿಗೆ ಮೊದಲ ಮೊಗ್ಗು ಬಂತು. ಮನಸ್ಸು ಗಟ್ಟಿ ಮಾಡಿ ಚಿವುಟಿದೆ, ಗಿಡ ಇನ್ನೂ ಗೇಣುದ್ದ ಇತ್ತು. ಸಂಕ್ರಾಂತಿಗೆ ಬಂದ ಮೊಗ್ಗನ್ನು ಬಿಟ್ಟೆ. ಅರಳಿದ ದಿನ ಅವ್ವನಿಗೆ ಫೋನ್ ಮಾಡಿದರೆ, ಅವಳು ಕೇಳಿದ್ದು ಒಂದೇ: "ವಾಸನೆ ಹಂಗೇ ಐತಾ?" ಹಂಗೇ ಇತ್ತು.