ಜನರೇಟರ್ ಬದಲಾದರೆ ಡಾಕ್ಸ್ ಕೂಡ ಅವತ್ತೇ ಬದಲಾಗಲಿ

ಸ್ಟ್ಯಾಟಿಕ್ ಸೈಟ್ ಜನರೇಟರ್‌ನ (ಬರಹದ ಫೈಲ್‌ಗಳಿಂದ ವೆಬ್‌ಸೈಟ್‌ನ ಪುಟಗಳನ್ನು ಮೊದಲೇ ತಯಾರಿಸಿಡುವ ತಂತ್ರಾಂಶದ) ಡಾಕ್ಸ್, ಅಂದರೆ ಡಾಕ್ಯುಮೆಂಟೇಶನ್ ನೋಡಿಕೊಳ್ಳುವವರಿಗೆ ಒಂದು ಸಲಹೆ. ಕೋಡ್ ಬದಲಾಗುವ ಪುಲ್ ರಿಕ್ವೆಸ್ಟ್‌ನಲ್ಲೇ (ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆಯಲ್ಲೇ) ಡಾಕ್ಸ್ ತಿದ್ದುಪಡಿಯೂ ಇರಲೇಬೇಕು. ಆಮೇಲೆ ಬರೆಯೋಣ ಅಂತ ಬಿಟ್ಟದ್ದು ಸಾಮಾನ್ಯವಾಗಿ ಹಾಗೇ ಉಳಿದುಬಿಡುತ್ತದೆ.

ಹ್ಯೂಗೋ ಅನ್ನುವ ಜನರೇಟರನ್ನೇ ನೋಡಿ. ಅದರ ಸೆಟ್ಟಿಂಗ್ಸ್ ಫೈಲ್‌ನ ಹೆಸರು ಮೊದಲು 'ಕಾನ್ಫಿಗ್' ಅಂತ ಇತ್ತು, 0.110 ಆವೃತ್ತಿಯಿಂದ 'ಹ್ಯೂಗೋ' ಆಯಿತು. ಹಳೇ ಹೆಸರೂ ನಡೆಯುತ್ತದೆ, ಆದರೆ ಹಳೇ ಪುಟ ಓದಿದ ಹೊಸಬರು ತಮ್ಮ ಫೋಲ್ಡರ್‌ನಲ್ಲಿ ಇಲ್ಲದ ಫೈಲನ್ನು ಹುಡುಕುತ್ತಾ ಕೂರುತ್ತಾರೆ, ಪಾಪ. ಅದಕ್ಕೇ 'ಈ ಆವೃತ್ತಿಯಿಂದ' ಅನ್ನುವ ಒಂದು ಸಾಲು ಆಯಾ ಪುಟದಲ್ಲೇ ಇರಲಿ. ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಇದೆಯಲ್ಲ ಅಂದರೆ ಸಾಲದು, ಹೊಸಬರು ಅದನ್ನು ಓದುವುದು ಕಡಿಮೆ.

ಉದಾಹರಣೆ ಕೋಡನ್ನು ಪುಟದಲ್ಲಿ ಸುಮ್ನೆ ಟೈಪ್ ಮಾಡಬೇಡಿ. ಒಂದು ಚಿಕ್ಕ ಮಾದರಿ ಸೈಟ್ ಇಟ್ಟುಕೊಳ್ಳಿ, ತುಣುಕುಗಳನ್ನು ಅಲ್ಲಿಂದಲೇ ಎಳೆದುಕೊಳ್ಳಿ, ಪ್ರತಿ ಕಮಿಟ್‌ಗೂ (ಕೋಡ್‌ನ ಬದಲಾವಣೆ ದಾಖಲಿಸಿದಾಗಲೆಲ್ಲ) ಆ ಸೈಟ್ ತಾನಾಗಿ ಬಿಲ್ಡ್ ಆಗುವಂತೆ, ಅಂದರೆ ಅದರ ಪುಟಗಳು ಹೊಸದಾಗಿ ತಯಾರಾಗುವಂತೆ ಮಾಡಿ. ಟೆಂಪ್ಲೇಟ್‌ನಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋದರೂ ಓದುಗರಿಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ. ನನ್ನ ಪ್ರಕಾರ ಇದೊಂದಕ್ಕೆ ಜಾಸ್ತಿ ಸಮಯ ಕೊಟ್ಟರೂ ನಷ್ಟವಿಲ್ಲ.

ಲಿಂಕ್‌ಗಳ ವಿಷಯ ಸುಲಭ. ಹ್ಯೂಗೋದಲ್ಲಿ 'ರೆಲ್‌ರೆಫ್', ಜೆಕಿಲ್ ಅನ್ನುವ ಇನ್ನೊಂದು ಜನರೇಟರ್‌ನಲ್ಲಿ 'ಲಿಂಕ್' ಟ್ಯಾಗ್ ಬಳಸಿ. ಗುರಿಯ ಪುಟ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಪುಟದ ವಿಳಾಸ ಬದಲಿಸಿದರೆ ಹಳೇ ವಿಳಾಸಕ್ಕೆ ಬಂದವರು ತಾನಾಗಿ ಹೊಸದಕ್ಕೆ ಹೋಗುವಂತೆ ರೀಡೈರೆಕ್ಟ್ ಹಾಕಿ. ಹ್ಯೂಗೋದಲ್ಲಿ ಅದಕ್ಕೆ ಫ್ರಂಟ್ ಮ್ಯಾಟರ್‌ನಲ್ಲಿ (ಪುಟದ ಫೈಲ್‌ನ ಮೇಲ್ಭಾಗದ ವಿವರಗಳಲ್ಲಿ) 'ಏಲಿಯಾಸಸ್' ಅಂತ ಒಂದು ಸಾಲು ಸಾಕು, ಬೇರೆಯವರು ಉಳಿಸಿಕೊಂಡ ಬುಕ್‌ಮಾರ್ಕ್‌ಗಳು ಮುಂದೆಯೂ ಕೆಲಸ ಮಾಡುತ್ತವೆ.