ಮಳೆ ನಿಂತ ಮೇಲಿನ ಹದಿನೈದು ನಿಮಿಷ: ಜಕ್ಕೂರು ಕೆರೆಯಲ್ಲಿ ನನ್ನ ಅನುಭವ

ಮೋಡ ಮುಸುಕಿದ ದಿನ ಕ್ಯಾಮೆರಾ ಹೊರಗೆ ತೆಗೆಯುವುದೇ ದಂಡ ಎಂದು ಜೊತೆಗೆ ಹಕ್ಕಿ ನೋಡಲು ಬರುವವರೆಲ್ಲ ಹೇಳುತ್ತಿದ್ದರು. ಹೋದ ವರ್ಷ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅಂದರೆ ಬೆಂಗಳೂರಿಗೆ ಮಳೆ ಜೋರಾಗಿ ಬೀಳುವ ತಿಂಗಳುಗಳಲ್ಲೇ, ಜಕ್ಕೂರು ಕೆರೆಯ ಏರಿಯ ಮೇಲೆ ಸುಮಾರು ಇಪ್ಪತ್ತು ಸಲ ನಡೆದು ನಾನು ತೆಗೆದ ಚಿತ್ರಗಳನ್ನು ನೋಡಿದ ಮೇಲೆ ಅವರೇ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಮೊದಲ ಐದಾರು ನಡಿಗೆ ಪೂರ್ತಿ ವ್ಯರ್ಥವಾದವು. ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿಟ್ಟಾಗ, ಅಂದರೆ ಬೆಳಕಿನ ಹೊಂದಾಣಿಕೆಯನ್ನೆಲ್ಲ ನಾನೇ ಕೈಯಾರೆ ಮಾಡಿದಾಗ, ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ಬೆಳ್ಳಕ್ಕಿಗಳು ಸುಣ್ಣ ಬಳಿದಂತಾಗಿ ಗರಿಯ ಒಂದು ಎಳೆಯೂ ಕಾಣುತ್ತಿರಲಿಲ್ಲ. ಲೆನ್ಸಿನ ಕಿಂಡಿಯ ಅಗಲವನ್ನು ನಾವು ಆರಿಸಿ ಶಟರ್ ವೇಗವನ್ನು ಕ್ಯಾಮೆರಾಕ್ಕೇ ಬಿಡುವ ಅಪರ್ಚರ್ ಪ್ರಯಾರಿಟಿಗೆ ಬದಲಾಯಿಸಿದರೆ, ಮೋಡ ಕವಿದಾಗ ಶಟರ್ ವೇಗ ಸೆಕೆಂಡಿನ 1/200ಕ್ಕೆ ಇಳಿದು ಹಾರುವ ಹಕ್ಕಿಯೆಲ್ಲ ಮಸುಕಾಗುತ್ತಿತ್ತು. ಕೊನೆಗೆ ಶಟರ್ ವೇಗ 1/1600 ಮತ್ತು ಕಿಂಡಿಯ ಅಳತೆ ಎಫ್/6.3 ಎರಡನ್ನೂ ಕದಲಿಸದೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಒ ಒಂದನ್ನು ಮಾತ್ರ ಆಟೋಗೆ ಬಿಟ್ಟು, 6400ರ ಮಿತಿ ಹಾಕಿ, ಹೆಬ್ಬೆರಳನ್ನು ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕಾಂಪೆನ್ಸೇಷನ್ ಚಕ್ರದ ಮೇಲೆಯೇ ಇಟ್ಟುಕೊಂಡು ನಡೆದೆ. ಕಪ್ಪು ನೀರಿನ ಮುಂದಿನ ಬೆಳ್ಳಕ್ಕಿಗೆ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು ಬೆಳಕು) ಕಡಿಮೆ, ಬಿಳಿ ಆಕಾಶದ ಮುಂದಿನ ಕಪ್ಪು ಕಾಜಾಣಕ್ಕೆ ಒಂದೂವರೆ ಸ್ಟಾಪ್ ಹೆಚ್ಚು. ಐಎಸ್‌ಒ ಏರಿದಾಗ ನಾಯ್ಸ್, ಅಂದರೆ ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು, ಬರುತ್ತದೆ, ನಿಜ. ಆದರೆ ನಾಯ್ಸನ್ನು ಮನೆಯಲ್ಲಿ ಕುಳಿತು ತಗ್ಗಿಸಬಹುದು, ಅಲುಗಿದ ರೆಕ್ಕೆಯನ್ನು ಸರಿಪಡಿಸಲಾಗದು.

ಈ ಹಟಕ್ಕೆ ದುಡ್ಡನ್ನೂ ತೆತ್ತಿದ್ದೇನೆ. ಸೆಕೆಂಡ್‌ಹ್ಯಾಂಡ್ ಆಗಿ ಕೊಂಡ 100-400 ಮಿ.ಮೀ. ಜೂಮ್ ಲೆನ್ಸನ್ನು ಒದ್ದೆ ಚೀಲದಲ್ಲೇ ಎರಡು ವಾರ ಬಿಟ್ಟಿದ್ದರಿಂದ ಒಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿತು. ಬಿಚ್ಚಿ ಸ್ವಚ್ಛಗೊಳಿಸಲು ಆರು ಸಾವಿರದಷ್ಟು ಖರ್ಚಾಯಿತು. ತೇವ ಹೀರಲೆಂದು ಅಕ್ಕಿ ತುಂಬಿದ ಡಬ್ಬದಲ್ಲಿ ಇಟ್ಟು ನೋಡಿದೆ, ಅಕ್ಕಿಯ ಹಿಟ್ಟು ಜೂಮ್ ರಿಂಗಿನ ಸಂದಿಗೆ ಸೇರಿತು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಮತ್ತು ಪುಟ್ಟ ತೇವಾಂಶ ಮಾಪಕ ಸೇರಿ ಸಾವಿರ ರೂಪಾಯಿಯೊಳಗೇ ಕೆಲಸ ನಡೆಯುತ್ತಿದೆ. ಮಾಪಕದ ಮುಳ್ಳು ಶೇಕಡಾ 45ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ತುಂತುರಿನಲ್ಲಿ ಲೆನ್ಸಿಗೆ ಸ್ನಾನದ ಟೋಪಿಯೇ ಹೊದಿಕೆ. ಮುಂದಿನ ಗಾಜಿಗೆ ಹನಿ ತಾಗದಂತೆ ಮಾಡಿಕೊಂಡಿರುವ ಏರ್ಪಾಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಫಲ ಸಿಕ್ಕಿದ್ದು ಮಳೆ ನಿಂತ ಮೊದಲ ಹದಿನೈದು ನಿಮಿಷಗಳಲ್ಲಿ. ಮಳೆ ನಿಂತ ಮೇಲೆ ಮನೆ ಬಿಡುವವರು ಕೆರೆ ತಲುಪುವಷ್ಟರಲ್ಲಿ ಅದು ಮುಗಿದಿರುತ್ತದೆ. ಮಳೆಗೆ ಮುಂಚೆಯೇ ಅಲ್ಲಿದ್ದು, ಕೊಡೆಯ ಕೆಳಗೆ ಕಾಯಬೇಕು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತವೆ, ಒದ್ದೆ ನೆಲದಿಂದ ರೆಕ್ಕೆ ಬಂದ ಗೆದ್ದಲುಗಳು ಏಳುತ್ತವೆ, ಅವುಗಳ ಹಿಂದೆ ಕಾಜಾಣಗಳು ಬರುತ್ತವೆ. ಅಂಥ ಒಂದು ಸಂಜೆ ಬೇಲಿಯ ಕಂಬದ ಮೇಲೆ ಕುಳಿತ ಕಾಜಾಣ ಪದೇಪದೇ ಹಾರಿ ಅದೇ ಕಂಬಕ್ಕೆ ಮರಳುತ್ತಿತ್ತು. ಮುನ್ನೂರು ಚಿತ್ರಗಳಲ್ಲಿ ನಾಲ್ಕು ಮಾತ್ರ ನಿಂತವು. ಅವುಗಳಲ್ಲೊಂದರಲ್ಲಿ ಕವಲು ಬಾಲ ಪೂರ್ತಿ ಬಿಚ್ಚಿಕೊಂಡಿದೆ, ಕೊಕ್ಕಿನ ಅಂಚಿನಲ್ಲಿ ಗೆದ್ದಲಿನ ಒಂದೇ ಒಂದು ಪಾರದರ್ಶಕ ರೆಕ್ಕೆ ಸಿಕ್ಕಿಕೊಂಡಿದೆ. ಐಎಸ್‌ಒ 5000 ದಾಟಿತ್ತು.